ಮಾವನವರ ಹಿಂದಿನ ಧೂಳು

ಜಗಳೂರು ಸೀಮೆಯ ಒಂದು ಕೆರೆಯಂಗಳದಲ್ಲಿ ನಮ್ಮ ಮಾವನವರ ಕಾರನ್ನು ಹನ್ನೊಂದು ವರ್ಷ ಯಾರೂ ಹಿಂದೆ ಹಾಕಲಿಲ್ಲ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಅದರಲ್ಲಿ ಎಂಟು ವರ್ಷ ನಾನೂ ಅವರ ಹಿಂದೆ ಧೂಳು ತಿಂದವಳು. ಆದ ಸಂಗತಿ ಆದ ಹಾಗೆಯೇ ಹೇಳುತ್ತಿದ್ದೇನೆ.

ಅದು ನನ್ನ ನಾದಿನಿಯನ್ನು ಕೊಟ್ಟ ಊರು. ಮಳೆಗಾಲದಲ್ಲಿ ಬಂದಷ್ಟು ನೀರು ಶಿವರಾತ್ರಿ ಹೊತ್ತಿಗೆ ಇಂಗಿ, ಯುಗಾದಿ ಕಳೆಯುವುದರೊಳಗೆ ಕೆರೆಯಂಗಳ ಒಣಗಿ ಗಟ್ಟಿಯಾಗುತ್ತಿತ್ತು. ನಾದಿನಿಯ ಗಂಡನಿಗೆ ಗಾಡಿಗಳ ಹುಚ್ಚು. ಎಪ್ಪತ್ತರ ದಶಕದ ನಡುವೆ ಒಂದು ಬೇಸಿಗೆ ಅವರು ತಮ್ಮ ಹಳೆಯ ಜೀಪಿನ ಎಂಜಿನ್ ಬಿಚ್ಚಿ ಜೋಡಿಸಿ, ಸರಿಯಾಯಿತೋ ಇಲ್ಲವೋ ನೋಡೋಣವೆಂದು ಕೆರೆಯೊಳಗೆ ನಾಲ್ಕು ಸುತ್ತು ಹೊಡೆದರು. ಅದನ್ನು ಕೇಳಿ ಜಗಳೂರಿನ ಇಬ್ಬರು ಸ್ನೇಹಿತರು ಮುಂದಿನ ಭಾನುವಾರ ತಮ್ಮ ಕಾರುಗಳನ್ನು ತಂದರು. ಬೇಸಿಗೆ ರಜಕ್ಕೆ ಮಗಳ ಮನೆಗೆ ಬಂದಿದ್ದ ನಮ್ಮ ಮಾವ ಕೆರೆ ಏರಿಯ ಮೇಲೆ ನಿಂತು ಅರ್ಧ ಗಂಟೆ ನೋಡಿದರು. "ನಿಮಗ್ಯಾರಿಗೂ ಓಡ್ಸಾಕೆ ಬರಲ್ಲ ಬಿಡ್ರಿ" ಎಂದು ಹೇಳಿ ತಮ್ಮ ಅಂಬಾಸಿಡರನ್ನು ಕೆಳಗಿಳಿಸಿಯೇಬಿಟ್ಟರು. ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯೂ ಅದು ನಡೆಯಿತು. ನಾಲ್ಕೈದು ಗಾಡಿ, ಭಾನುವಾರ ಬೆಳಿಗ್ಗೆ ಶುರುವಾದರೆ ಬಿಸಿಲು ನೆತ್ತಿಗೆ ಬರುವ ತನಕ. ಅದು ಪಂದ್ಯವಲ್ಲ. ಗೆದ್ದವರಿಲ್ಲ, ಸೋತವರಿಲ್ಲ. ರಸ್ತೆಯಲ್ಲಿ ಓಡಿಸಲಾಗದಷ್ಟು ಜೋರಾಗಿ ಓಡಿಸುವುದು, ಗಾಡಿ ಎಲ್ಲಿ ಜಾರುತ್ತದೆ, ಎಲ್ಲಿ ಹಿಡಿಯುತ್ತದೆ ತಿಳಿಯುವುದು, ಆಮೇಲೆ ಏರಿಯ ಮೇಲೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಅದನ್ನೇ ಮಾತಾಡುವುದು, ಇಷ್ಟೇ.

ಇಷ್ಟಕ್ಕೂ ಕಟ್ಟುಪಾಡುಗಳಿದ್ದವು. ಮಾಡಿದವರು ನಾದಿನಿಯ ಗಂಡ. ಖಾಲಿ ಟಾರು ಡ್ರಮ್ಮುಗಳಿಗೆ ಸುಣ್ಣ ಬಳಿದು ಸುತ್ತಿನ ತಿರುವುಗಳಲ್ಲಿ ನಿಲ್ಲಿಸಿದ್ದರು. ಡ್ರಮ್ಮು ಬೀಳಿಸಿದವರು ಯಾರೇ ಆಗಲಿ, ಗಾಡಿ ಪಕ್ಕಕ್ಕೆ ಹಾಕಿ ತಾವೇ ಎತ್ತಿ ನಿಲ್ಲಿಸಿ ಬರಬೇಕು. ತೂಬಿನ ಹತ್ತಿರದ ತಿರುವಿನಲ್ಲಿ ಯಾರನ್ನೂ ದಾಟುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು ಸೈಡಿನ ವಿಚಾರ. ಮುಂದಿನವನನ್ನು ದಾಟಬೇಕೆಂದರೆ ಎರಡು ಸಲ ಹಾರನ್ ಹೊಡೆಯಬೇಕು. ಮುಂದಿನವನು ಬಲಗೈ ಹೊರಗೆ ಹಾಕಿ "ಹೋಗು" ಎಂದು ಬೀಸಬೇಕು. ಕೈ ಬೀಸುವ ತನಕ ಹಿಂದಿನವನು ದಾಟಬಾರದು. ಹಾರನ್ ಕೇಳಿದ ಮೇಲೂ ಸೈಡು ಕೊಡದೆ ಸತಾಯಿಸಿದವನು ಆವತ್ತಿನ ಮಟ್ಟಿಗೆ ಗಾಡಿ ನಿಲ್ಲಿಸಿ ಏರಿ ಹತ್ತಬೇಕು. ಆಗ ನಮ್ಮ ಕಾರುಗಳಲ್ಲಿ ಪಕ್ಕದ ಕನ್ನಡಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇದ್ದರೂ ಆ ಧೂಳಿನಲ್ಲಿ ಅದರೊಳಗೆ ಕಾಣುತ್ತಿದ್ದುದು ಧೂಳೇ. ಹಿಂದೆ ಯಾರಿದ್ದಾರೆಂದು ಹೇಳಬೇಕಾದದ್ದು ಹಾರನ್ನೇ.

ಇದರೊಳಗೆ ಹೆಂಗಸಾದ ನಾನು ಹೇಗೆ ಸೇರಿದೆನೆಂದು ಕೇಳುವವರಿದ್ದಾರೆ. ನನ್ನ ತವರು ಹೊನ್ನಾಳಿ. ಅಪ್ಪ ಹೊನ್ನಾಳಿ, ನ್ಯಾಮತಿ, ಶಿವಮೊಗ್ಗ ದಾರಿಯ ಪ್ರೈವೇಟ್ ಬಸ್ಸಿನ ಡ್ರೈವರು. ಗಂಡು ಮಕ್ಕಳಿರಲಿಲ್ಲ. ಇದ್ದ ಒಬ್ಬಳು ಮಗಳಿಗೇ, ಸ್ನೇಹಿತರೊಬ್ಬರ ಜೀಪು ಬೇಡಿ ತಂದು, ಹೊಳೆದಂಡೆಯ ಬಯಲಿನಲ್ಲಿ ಕಲಿಸಿದರು. ಮದುವೆಯಾಗಿ ಚನ್ನಗಿರಿಯ ಅಡಿಕೆ ಮಂಡಿಯವರ ಮನೆಗೆ ಬಂದಾಗ ಈ ವಿಷಯದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಬೀಗರಿಗೆ ಹೇಳುವಂಥ ವಿದ್ಯೆ ಅದಲ್ಲ ಎಂದು ಅವ್ವನ ಲೆಕ್ಕ. ಎರಡನೇ ವರ್ಷ ಒಂದು ಮಧ್ಯಾಹ್ನ ಮಂಡಿಯ ಬಾಗಿಲಿಗೆ ಅಡಿಕೆ ಲಾರಿ ಬಂದು ನಿಂತು ಒಂದೇ ಸಮನೆ ಹಾರನ್ ಹೊಡೆಯುತ್ತಿತ್ತು. ಅಡ್ಡ ನಿಂತದ್ದು ನಮ್ಮ ಕಾರು, ಡ್ರೈವರು ಟೀ ಕುಡಿಯಲು ಹೋಗಿದ್ದ. ಮನೆಯಲ್ಲಿ ಮಗು ಆಗಷ್ಟೇ ಮಲಗಿತ್ತು. ನನಗೆ ರೇಗಿಹೋಯಿತು. ಸೆರಗು ಸಿಕ್ಕಿಸಿಕೊಂಡು ಹೋಗಿ, ಕಾರು ಹಿಂದಕ್ಕೆ ತೆಗೆದು, ಗೋಡೆ ಪಕ್ಕ ನಿಲ್ಲಿಸಿ ಒಳಗೆ ಬಂದೆ. ಮಾವ ಗಾದಿಯ ಮೇಲೆ ಕೂತು ನೋಡುತ್ತಿದ್ದರು. ಎರಡು ದಿನ ಮಾತಿಲ್ಲ. ಮಾವ ನನ್ನನ್ನು ತವರಿಗೇ ಕಳಿಸುತ್ತಾರೆಂದು ಅತ್ತೆ ಹೆದರಿದ್ದರು. ಮೂರನೇ ದಿನ ಊಟಕ್ಕೆ ಕೂತಾಗ ಮಾವ, "ಹಿಂದಕ್ಕೆ ತಗೊಳ್ಳೋವಾಗ ಪೂರ್ತಿ ತಿರುಗಿ ನೋಡ್ದೆ. ಒಳ್ಳೇದು. ಶಿವಮೊಗ್ಗಕ್ಕೆ ಹೋಗಿ ಲೈಸೆನ್ಸ್ ಮಾಡ್ಸವ್ವ" ಎಂದರು. ಅಷ್ಟೇ. ಮಾರನೇ ಬೇಸಿಗೆ ಕೆರೆಯಂಗಳದಲ್ಲಿ ಜೀಪಿನ ಸ್ಟೇರಿಂಗನ್ನು ಅವರೇ ಅಳಿಯನ ಕೈಯಿಂದ ಬಿಡಿಸಿ ನನಗೆ ಕೊಡಿಸಿದರು. ಏರಿಯ ಮೇಲಿದ್ದ ಊರ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತದ್ದು ನನಗೆ ಈಗಲೂ ಖುಷಿ ಕೊಡುತ್ತದೆ.

ಕಲಿತದ್ದು ಅಲ್ಲೇ. ಮೊದಲ ವರ್ಷ ಡ್ರಮ್ಮು ಎತ್ತಿ ನಿಲ್ಲಿಸಿಯೇ ನನ್ನ ಸೊಂಟ ಹೋಯಿತು. ತಿರುವಿನೊಳಗೆ ಹೋದ ಮೇಲೆ ಬ್ರೇಕ್ ತುಳಿಯುತ್ತಿದ್ದೆ, ಹಿಂದಿನ ಗಾಲಿ ನುಣ್ಣಗೆ ಜಾರಿ ಜೀಪು ಬಂದ ದಾರಿಗೇ ಮುಖ ಮಾಡುತ್ತಿತ್ತು. ಮಾವ ಏರಿಯ ಮೇಲಿಂದ, "ಡ್ರಮ್ಮು ನೋಡಿದ್ರೆ ಡ್ರಮ್ಮಿಗೇ ಹೊಡೀತೀಯ, ಹೋಗೋ ದಾರಿ ನೋಡು" ಎಂದು ಕೂಗುತ್ತಿದ್ದರು. ತಿರುವಿಗೆ ಮೊದಲೇ ಬ್ರೇಕು, ಮೊದಲೇ ಗೇರು, ಒಳಗೆ ಹೋದ ಮೇಲೆ ಕೈ ಹಗುರ. ಧೂಳಿನಲ್ಲಿ ಮುಂದಿನ ಗಾಡಿಯ ಬೆನ್ನಿಗೇ ಅಂಟಿಕೊಳ್ಳದೆ ಅರ್ಧ ಗಾಡಿಯಷ್ಟು ಪಕ್ಕಕ್ಕೆ ಬಂದರೆ ದಾರಿ ಕಾಣುತ್ತದೆ. ಇವೆಲ್ಲ ಅವರ ಪಾಠವೇ. ಒಪ್ಪಿಕೊಳ್ಳಬೇಕು, ಅವರು ಚೆನ್ನಾಗಿಯೇ ಓಡಿಸುತ್ತಿದ್ದರು. ಆದರೆ ಯಾರೂ ದಾಟಲಾಗದಷ್ಟು ಚೆನ್ನಾಗಿ ಅಲ್ಲ.

ವಿಷಯ ಇರುವುದು ಇಲ್ಲೇ. ನಮ್ಮ ಮನೆಯಲ್ಲಿ ಮಾವನವರ ಮುಂದೆ ಯಾರೂ ಕಾಲಿಟ್ಟು ನಡೆಯುತ್ತಿರಲಿಲ್ಲ. ಬೀದಿಯಲ್ಲಿ ಹೋದರೆ ಮಗ ಒಂದು ಹೆಜ್ಜೆ ಹಿಂದೆ, ಅಳಿಯ ಎರಡು ಹೆಜ್ಜೆ ಹಿಂದೆ. ಆ ಪದ್ಧತಿಯನ್ನು ಮಗ, ಅಳಿಯ ಇಬ್ಬರೂ ಕೆರೆಯಂಗಳಕ್ಕೂ ತಂದರು. ಸೈಡು ಕೇಳುವುದೆಂದರೆ "ಪಕ್ಕಕ್ಕೆ ಸರಿಯಿರಿ" ಎಂದ ಹಾಗಲ್ಲವೇ? ಹಿರಿಯರಿಗೆ ಹಾಗನ್ನುವುದುಂಟೇ? ಅಳಿಯನ ಜೀಪು ಅಂಬಾಸಿಡರಿಗಿಂತ ಎಷ್ಟೋ ಚುರುಕು. ಆದರೂ ಮಾವನವರ ಬೆನ್ನಿಗೆ ಬಂದ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದರು. ಸರದಿಯ ಮೇಲೆ ಜೀಪು ಹಿಡಿಯುತ್ತಿದ್ದ ನಮ್ಮ ಯಜಮಾನರೂ ಹಾಗೆಯೇ. ಜಗಳೂರಿನ ಸ್ನೇಹಿತರಿಗೆ ಮಾವ ಬೀಗರ ಕಡೆಯವರೆಂದು ಇನ್ನಷ್ಟು ಮರ್ಯಾದೆ. ಮಾವ ಮುಂದೆ, ಹಿಂದೆ ನಾವೆಲ್ಲ ಸಾಲಾಗಿ, ಧೂಳು ಕುಡಿಯುತ್ತ. ಇಳಿದ ಮೇಲೆ ಒಬ್ಬೊಬ್ಬರದು ಒಂದೊಂದು ನೆಪ. ಒಬ್ಬರಿಗೆ ಕ್ಲಚ್ಚು ಜಾರಿತು, ಒಬ್ಬರಿಗೆ ಪೆಟ್ರೋಲಿನಲ್ಲಿ ಕಸ. ಮಾವ ಮೀಸೆಯ ಮೇಲಿನ ಧೂಳು ಒರೆಸಿಕೊಂಡು, "ಈ ವರ್ಷಾನೂ ಯಾರ ಕೈಲೂ ಆಗ್ಲಿಲ್ಲ ನೋಡ್ರಿ" ಎಂದು ನಗುತ್ತಿದ್ದರು. ನಿಜವೆಂದೇ ನಂಬಿದ್ದರು. ನಂಬದೆ ಏನು ಮಾಡುತ್ತಾರೆ, ನಾವೇ ನಂಬಿಸಿದ್ದು. ಆ ನಂಬಿಕೆಯ ಮೇಲೆಯೇ ಮನೆಯ ಡ್ರೈವರನ್ನು ಬಿಡಿಸಿ, ಎಲ್ಲಿಗೆ ಹೋಗಲಿಕ್ಕೂ ಕಾರನ್ನು ತಾವೇ ಓಡಿಸತೊಡಗಿದ್ದರು. ಅವರು ಕೂತ ಕಾರನ್ನು ರಸ್ತೆಯ ಮೇಲೆ ಬೇರೆಯವರು ಮುಟ್ಟುವ ಮಾತೇ ಇರಲಿಲ್ಲ.

ಹನ್ನೊಂದನೇ ಬೇಸಿಗೆಯ ಒಂದು ಭಾನುವಾರ ಜೀಪಿನಲ್ಲಿ ನಾನು ಅವರ ಹಿಂದೆ ಬಿದ್ದೆ. ಆವತ್ತು ಧೂಳು ವಿಪರೀತ. ಮುಂದೆ ಅಂಬಾಸಿಡರು ಮೂರನೇ ಗೇರಿಗೆ ಹಾಕಬೇಕಾದ ಕಡೆಯೂ ಎರಡರಲ್ಲೇ ಕಿರುಚಿಕೊಂಡು ಹೋಗುತ್ತಿತ್ತು. ಮೂರು ಸುತ್ತು ತಡೆದುಕೊಂಡೆ. ಕಣ್ಣಲ್ಲಿ, ಬಾಯಲ್ಲಿ ಮಣ್ಣು. ನನ್ನ ಅಪ್ಪ ದಿನಕ್ಕೆ ಐವತ್ತು ಗಾಡಿಗೆ ಸೈಡು ಕೊಡುತ್ತಿದ್ದ ಮನುಷ್ಯ, ಅದರಿಂದ ಅವನ ಮರ್ಯಾದೆ ಏನೂ ಸವೆಯಲಿಲ್ಲ. ಕಟ್ಟುಪಾಡು ಎಲ್ಲರಿಗೂ ಒಂದೇ ತಾನೇ ಎಂದುಕೊಂಡು ಎರಡು ಸಲ ಹಾರನ್ ಒತ್ತಿದೆ. ಕೈ ಬೀಸಲಿಲ್ಲ. ಮತ್ತೆ ಎರಡು ಸಲ. ಇಲ್ಲ. ಏರಿಯ ಮೇಲೆ ಎಲ್ಲರೂ ಎದ್ದು ನಿಂತದ್ದು ಕಾಣಿಸಿತು. ಸೊಸೆ ಮಾವನಿಗೆ ಹಾರನ್ ಹೊಡೆಯುತ್ತಿದ್ದಾಳೆ! ನನಗೂ ಹಟ ಬಂತು. ಆ ಸುತ್ತು ಮುಗಿಯುವ ತನಕ ಹೊಡೆದೆ. ಅವರು ಜಗ್ಗಲಿಲ್ಲ. ಮುದುಕರಿಗೆ ಎಷ್ಟು ಅಹಂಕಾರ ಎಂದು ಮನಸ್ಸಿನಲ್ಲೇ ಬೈದುಕೊಂಡು ಹಿಂದೆ ಉಳಿದೆ.

ಇಳಿದಾಗ ನಮ್ಮ ಯಜಮಾನರ ಮುಖ ಬಿಳಿಚಿತ್ತು. ಬೈಸಿಕೊಳ್ಳಲು ತಯಾರಾಗಿ ನಾನು ಮಾವನವರ ಹತ್ತಿರ ಹೋಗಿ ನಿಂತೆ. ಅವರು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನನ್ನನ್ನು ನೋಡಿ, ಬಹಳ ಪ್ರೀತಿಯಿಂದಲೇ ಕೇಳಿದರು: "ಇವತ್ತು ನನ್ನ ಹಿಂದೆ ಯಾರವ್ವ ಇದ್ದದ್ದು?"

ಬೈದಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಎರಡು ವರ್ಷದಿಂದ ಅವರು ಟೆಲಿಫೋನ್ ಎತ್ತುವುದನ್ನು ಬಿಟ್ಟಿದ್ದರು. "ಆ ಹಾಳಾದ್ದು ನಿಮಗೇ ಇರ್ಲಿ" ಎನ್ನುತ್ತಿದ್ದರು. ಮಂಡಿಯಲ್ಲಿ ಗಾದಿಯನ್ನು ಗೋಡೆಗೆ ಸರಿಸಿ, ಬಂದವರ ಮುಖ ಎದುರಿಗೇ ಇರುವಂತೆ ಕೂರುತ್ತಿದ್ದರು. ಹಿಂದಿನಿಂದ ಕರೆದರೆ ಉತ್ತರವಿಲ್ಲ. ಸಿಟ್ಟಾಗಿದ್ದಾರೆಂದು ಇಡೀ ಮನೆ ತುದಿಗಾಲಲ್ಲಿ ನಿಲ್ಲುತ್ತಿತ್ತು. ಹಿಂದಿನ ವರ್ಷ ಸೂರಗೊಂಡನಕೊಪ್ಪಕ್ಕೆ ಹೋಗಿ ಬರುವಾಗ ನ್ಯಾಮತಿ ದಾರಿಯಲ್ಲಿ ಒಂದು ಬಸ್ಸು ಒಂದೂವರೆ ಮೈಲಿ ಹಾರನ್ ಹೊಡೆದು, ಕೊನೆಗೆ ದಾಟುವಾಗ ಅದರ ಡ್ರೈವರು ಕೆಟ್ಟ ಮಾತು ಬೈದು ಹೋಗಿದ್ದ. ನಾವೆಲ್ಲ ಸೇರಿ ಅವನನ್ನು ಬೈದಿದ್ದೆವು. ಡ್ರೈವರನ ಮಗಳು ನಾನೂ ಬೈದಿದ್ದೆ.

ಖಾತ್ರಿಯಾಗಲೆಂದು ಸಾಯಂಕಾಲ ನಾದಿನಿಯ ಅಂಗಳದಲ್ಲಿ, ಪೇಪರ್ ಓದುತ್ತ ಕೂತಿದ್ದ ಮಾವನವರ ಬೆನ್ನ ಹಿಂದೆ ಹಿತ್ತಾಳೆ ಕೊಡ ಬೀಳಿಸಿದೆ. ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿತು, ಅತ್ತೆ ಒಳಗಿನಿಂದ ಓಡಿ ಬಂದರು. ಮಾವ ಪುಟ ತಿರುವಿದರು.

ಯಜಮಾನರಿಗೆ ಹೇಳಿದೆ. ಅವರು, "ನನಗೂ ಅನುಮಾನ ಇತ್ತು" ಎಂದರು. ನನಗೆ ಮೈಯೆಲ್ಲ ಉರಿಯಿತು. ಅನುಮಾನವಿದ್ದೂ ಸುಮ್ಮನಿದ್ದೀರಾ ಎಂದರೆ, "ಅಪ್ಪಾರಿಗೆ ಹೋಗಿ ಕಿವಿ ಕೇಳಲ್ಲ ಅಂತ ಯಾರು ಹೇಳ್ಬೇಕು? ನಿಧಾನಕ್ಕೆ ನೋಡಾಣ" ಎಂದು ಮಾರನೇ ದಿನ ಮಂಡಿ ಕೆಲಸಕ್ಕೆಂದು ಬಸ್ಸು ಹತ್ತಿ ಚನ್ನಗಿರಿಗೆ ಹೋಗಿಬಿಟ್ಟರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಸಭೆಯನ್ನಾದರೂ ಸೇರಿದ್ದವು. ಇವರು ಅದನ್ನೂ ಮಾಡಲಿಲ್ಲ.

ನಿಧಾನಕ್ಕೆ ನೋಡುವಷ್ಟು ಸಮಯ ನನಗಿರಲಿಲ್ಲ. ಮುಂದಿನ ಭಾನುವಾರ ಊಟವಾದ ಮೇಲೆ ನಾವು ಹೊರಡುವುದು. ಮಾವ ಓಡಿಸುವುದು, ಜೊತೆಗೆ ಅತ್ತೆ, ನಾನು, ನನ್ನ ಇಬ್ಬರು ಮಕ್ಕಳು, ರಜಕ್ಕೆ ನಮ್ಮೊಡನೆ ಬರುವ ನಾದಿನಿಯ ಮೂವರು. ದಾವಣಗೆರೆ ಹತ್ತಿರ ಹೈವೇ ದಾಟಬೇಕು, ಹಗಲೂ ಇರುಳೂ ಲಾರಿ. ಹಿಂದಿನ ಲಾರಿ ಸೈಡು ಕೇಳಿ, ಇವರಿಗೆ ಕೇಳಿಸದೆ, ಅದು ದಾಟಲು ಬಂದ ಹೊತ್ತಿಗೇ ಇವರು ಬಲಕ್ಕೆ ತಿರುಗಿಸಿದರೆ? ಆ ವಾರ ಪೂರ್ತಿ ನನ್ನ ಕಣ್ಣ ಮುಂದೆ ಅದೇ. ಬಸ್ಸಿನಲ್ಲಿ ಹೋಗೋಣವೆಂದು ಅತ್ತೆಗೆ ಹೇಳಿ ನೋಡಿದೆ. "ಮನೆ ಕಾರು ಇಟ್ಕೊಂಡು ಬಸ್ಸಾ? ಏನಂತಾರೆ ಅವ್ರು?" ಎಂದರು.

ಭಾನುವಾರ ಬೆಳಿಗ್ಗೆ ಕೆರೆಯಂಗಳದಲ್ಲಿ ನಾದಿನಿಯ ಗಂಡನಿಗೆ ಹೇಳಿದೆ: "ನೀವು ಜೀಪಿನಲ್ಲಿ ಮಾವನ ಹಿಂದೆ ಬರ್ರಿ. ತೂಬು ದಾಟಿದ ಮೇಲೆ ಹಾರನ್ ಮೇಲಿಂದ ಕೈ ತೆಗೀಬ್ಯಾಡ್ರಿ."

"ನಾನಾ? ಮಾವಾರಿಗಾ?" ಎಂದರು.

"ಹೂಂ, ನೀವೇ. ನಿಮ್ಮ ಮಕ್ಕಳೂ ಆ ಕಾರಲ್ಲೇ ಬರಾದು."

ಅವರು ಜೀಪು ಹತ್ತಿದರು.

ನಾನು ಹೋಗಿ ಅಂಬಾಸಿಡರಿನ ಎಡಗಡೆ ಬಾಗಿಲು ತೆಗೆದು ಕೂತೆ. "ಯಾಕವ್ವ, ಜೀಪು ಕೆಟ್ಟೈತಾ?" ಎಂದರು ಮಾವ. ಹಾಗೇ ಎಂದು ತಲೆಯಾಡಿಸಿದೆ. ಮನೆಯಲ್ಲಿ ಎಲ್ಲರ ಎದುರಿಗೆ ಹೇಳಿದರೆ ಅವರಿಗೆ ಅವಮಾನ. ಕಾರಿನೊಳಗೆ ಹೇಳಿದರೆ ಇಬ್ಬರ ನಡುವೆಯೇ ಇರುತ್ತದೆ ಎಂಬುದು ನನ್ನ ಯೋಚನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ತೂಬು ದಾಟಿತು. ಹಿಂದೆ ಹಾರನ್ ಶುರುವಾಯಿತು. ನನ್ನ ಹಲ್ಲು ಅದುರುವಷ್ಟು ಜೋರು. ಮಾವನವರ ಮುಖವನ್ನೇ ನೋಡಿದೆ. ರೆಪ್ಪೆ ಅಲುಗಲಿಲ್ಲ. ದಾರಿಯ ಮೇಲೆ ಕಣ್ಣಿಟ್ಟು, ತುಟಿಯ ಮೂಲೆಯಲ್ಲಿ ಸಣ್ಣ ನಗೆ ಇಟ್ಟುಕೊಂಡು, ಬಹಳ ಸುಖವಾಗಿ ಓಡಿಸುತ್ತಿದ್ದರು. ಆ ಸುಖ ನೋಡಿ ಹೇಳುವುದೇ ಬೇಡವೆನಿಸಿತು. ಒಂದು ಸುತ್ತು ಹಾಗೇ ಬಿಟ್ಟೆ. ಆಮೇಲೆ ಅವರ ತೋಳು ಮುಟ್ಟಿ, ನಿಲ್ಲಿಸಿ ಎಂದು ಸನ್ನೆ ಮಾಡಿದೆ.

ನಿಲ್ಲಿಸಿದರು. ಹಿಂದೆ ಜೀಪೂ ನಿಂತಿತು, ಹಾರನ್ ನಿಂತಿತು. ಉಳಿದವರೂ ಏನಾಯಿತೆಂದು ಎಂಜಿನ್ ಆರಿಸಿದರು. ಅಷ್ಟು ದೊಡ್ಡ ಅಂಗಳದಲ್ಲಿ ಸೂಜಿ ಬಿದ್ದರೂ ಕೇಳುವ ಹಾಗಾಯಿತು.

"ಮಾವ, ನಿಮಗೆ ಕಿವಿ ಕೇಳ್ತಿಲ್ಲ" ಎಂದೆ.

"ಆಂ?"

ಇನ್ನೂ ಸ್ವಲ್ಪ ಜೋರಾಗಿ ಹೇಳಿದೆ.

"ಏನಂತೀ?"

ಮೂರನೇ ಸಲ ಕೂಗಿದೆ. ನನ್ನ ದನಿ ಏರಿಗೆ ಬಡಿದು ತಿರುಗಿ ಬಂತು. ಅತ್ತೆ, ನಾದಿನಿ, ಊರವರು, ಜೀಪಿನಲ್ಲಿದ್ದ ಅಳಿಯ, ಎಲ್ಲರಿಗೂ ಕೇಳಿಸಿತು. ಕೊನೆಗೆ ಕೇಳಿಸಿದ್ದು ಮಾವನವರಿಗೆ. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ ಕಾಣೆ. ಅವರ ಮಾನ ಉಳಿಸಲು ಹೋಗಿ ಊರ ಮುಂದೆ ಸಾರಿದ ಹಾಗಾಯಿತು. ನಾಚಿಕೆಯಿಂದ ನನ್ನ ಕಣ್ಣಲ್ಲಿ ನೀರು ಬಂತು.

ಅವರು ಸ್ಟೇರಿಂಗ್ ಮೇಲಿನ ಕೈ ತೆಗೆಯಲಿಲ್ಲ. "ಗೊತ್ತೈತೆ" ಎಂದರು. "ಇಷ್ಟೊಂದು ಅಂತ ಗೊತ್ತಿರ್ಲಿಲ್ಲ." ಆಮೇಲೆ ಏನೋ ಹೊಳೆದವರಂತೆ ನನ್ನ ಕಡೆ ತಿರುಗಿದರು. "ಹಂಗಾರೆ ಹಿಂದೆ ಬರೋರು ಇಷ್ಟು ವರ್ಷಾನೂ ಹಾರನ್ ಹೊಡೀತಿದ್ರಾ? ನಾನೇ ಸೈಡು ಕೊಡ್ದೆ ಓಡ್ಸಿದ್ನಾ?"

 ಹೌದೆಂದರೆ, ಕಟ್ಟುಪಾಡು ಮುರಿದು ವರ್ಷಗಟ್ಟಲೆ ಎಲ್ಲರನ್ನೂ ಸತಾಯಿಸಿದ ಮನುಷ್ಯ ತಾನು ಎಂದು ಕೊರಗುತ್ತಾರೆ. ಇಲ್ಲವೆಂದರೆ, ಯಾರೂ ಇವರನ್ನು ದಾಟಲು ಪ್ರಯತ್ನವನ್ನೇ ಮಾಡಲಿಲ್ಲ ಎಂಬುದು ಗೊತ್ತಾಗುತ್ತದೆ. ಯಾವುದು ಕಡಿಮೆ ನೋವು ಎಂದು ತೂಗುವಷ್ಟು ಬುದ್ಧಿ ಆಗ ಇರಲಿಲ್ಲ. ನಿಜವನ್ನೇ ಹೇಳಿದೆ. ಇಲ್ಲ ಎಂದು ತಲೆಯಾಡಿಸಿದೆ.

"ಹೊಡೀತಿರ್ಲಿಲ್ವಾ?"

ಇಲ್ಲ.

"ಯಾವತ್ತೂ?"

ಒಂದು ಬೆರಳು ಎತ್ತಿ, ಅದನ್ನೇ ನನ್ನ ಎದೆಗೆ ತೋರಿಸಿ, "ಹೋದ ಭಾನುವಾರ. ನಾನು" ಎಂದೆ. ತುಟಿ ನೋಡಿ ತಿಳಿದುಕೊಂಡರು.

ಅವರು ಮುಂದಿನ ಗಾಜಿನಿಂದ ಆಚೆ, ಸುಣ್ಣ ಬಳಿದ ಡ್ರಮ್ಮುಗಳ ಕಡೆ ನೋಡಿದರು. ಕಿವಿಯ ಸುದ್ದಿ ಕೇಳಿದಾಗ ಇಲ್ಲದ ಬದಲಾವಣೆ ಈಗ ಮುಖದಲ್ಲಿ ಕಾಣಿಸಿತು. ಹನ್ನೊಂದು ಬೇಸಿಗೆಯನ್ನು ಒಂದೊಂದಾಗಿ ಹಿಂದಕ್ಕೆ ನೋಡುತ್ತಿದ್ದಿರಬೇಕು. ಕೊನೆಗೆ ಬಾಗಿಲು ತೆಗೆದು ಇಳಿದು, ಕಾರಿನ ಮುಂದಿನಿಂದ ಸುತ್ತಿ ಬಂದು, ನನ್ನ ಕಡೆಯ ಬಾಗಿಲ ಹತ್ತಿರ ನಿಂತರು. "ಆ ಕಡೀಕೆ ಸರಿಯವ್ವ" ಎಂದರು. ನಾನು ಸೀಟಿನ ಮೇಲೇ ಜರುಗಿ ಸ್ಟೇರಿಂಗಿನ ಹಿಂದೆ ಕೂತೆ. ಹಿಂದೆ ಜೀಪಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಅಳಿಯನ ಕಡೆ ಅವರು ತಿರುಗಿ ನೋಡಲಿಲ್ಲ.

ಊಟಕ್ಕೆ ಕೂತೆವು. ಮಾವ ಎಂದಿನಷ್ಟೇ ಉಂಡರು, ಮಗಳಿಗೆ ಹೋಳಿಗೆ ಚೆನ್ನಾಗಿದೆ ಎಂದರು. ಹೊರಡುವಾಗ ಯಾರನ್ನೂ ಕೇಳದೆ ಹೋಗಿ ಎಡಗಡೆ ಕೂತರು. ಮುಂದೆ ನಾವಿಬ್ಬರು, ಹಿಂದೆ ಅತ್ತೆ ಮತ್ತು ಐದು ಮಕ್ಕಳು. ದಾವಣಗೆರೆ ದಾಟುವ ತನಕ ಮಕ್ಕಳ ಗಲಾಟೆ, ಆಮೇಲೆ ಬಿಸಿಲಿಗೆ, ಹೊಟ್ಟೆ ತುಂಬಿದ್ದಕ್ಕೆ ಒಬ್ಬೊಬ್ಬರಾಗಿ ಒಬ್ಬರ ಮೇಲೊಬ್ಬರು ಒರಗಿದರು. ಮಾವ ಅಷ್ಟು ದೂರವೂ ನನಗೆ ಗೇರು ಹಾಕು, ಬ್ರೇಕು ತುಳಿ ಎಂದು ಒಂದು ಮಾತನ್ನೂ ಹೇಳಲಿಲ್ಲ. ನನಗೆ ಅದೇ ಭಾರವಾಗಿತ್ತು. ಬೈಯಲಿ ಎಂದು ಒಂದು ಕಡೆ ಬೇಕೆಂದೇ ಗೇರು ತಡವಾಗಿ ಹಾಕಿದೆ. ಅದೂ ಅವರಿಗೆ ಗೊತ್ತಾಗಲಿಲ್ಲ.

ತ್ಯಾವಣಿಗೆ ದಾಟಿದ ಮೇಲೆ, ರಸ್ತೆ ನೋಡುತ್ತಲೇ ಅವರು ಮಾತಾಡಿದರು. ತಮ್ಮ ದನಿ ಎಷ್ಟಿದೆಯೆಂದು ತಮಗೇ ತಿಳಿಯದವರ ಹಾಗೆ, ಬಹಳ ಮೆಲ್ಲಗೆ.

"ಹನ್ನೊಂದು ವರ್ಷದಾಗೆ ನನ್ನನ್ನೂ ಒಬ್ಬ ಡ್ರೈವರ್ ಅಂತ ತಿಳಕಂಡು ಹಾರನ್ ಹೊಡೆದೋಳು ನೀನೊಬ್ಳೇ ಕಣವ್ವ. ಅದೂ ನನ್ನ ಕಿವಿಗೆ ಬೀಳ್ಲಿಲ್ಲ."

ಅದಕ್ಕೆ ಹೇಳಬೇಕಾದ ಮಾತು ನನ್ನ ಬಾಯಲ್ಲಿತ್ತು. ಹೇಳಬೇಕೆಂದರೆ ಕೂಗಬೇಕಿತ್ತು. ಹಿಂದೆ ಮಕ್ಕಳು ಮಲಗಿದ್ದರು.